ಬಳುವಳಿಯಾಗಿ ಬಂದ ಮುನ್ನೂರುಗಳು

ಬೆಟಗೇರಿ, ಗದಗ, ಲಕ್ಕುಂಡಿ, ಲಕ್ಷ್ಮೇಶ್ವರಗಳ ಸುತ್ತಲಿನ ನೆಲವನ್ನು ಸಾವಿರ ವರ್ಷಗಳ ಹಿಂದಿನ ಶಾಸನಗಳು ಬೆಳ್ವೊಲ ಮುನ್ನೂರು ಮತ್ತು ಪುಲಿಗೆರೆ ಮುನ್ನೂರು ಎಂಬ ಎರಡು ನಾಡುಗಳಾಗಿ ಗುರುತಿಸುತ್ತವೆ. ಗದಗ, ಲಕ್ಕುಂಡಿ, ಅಣ್ಣಿಗೇರಿಗಳು ಬೆಳ್ವೊಲಕ್ಕೆ ಸೇರಿದ್ದರೆ, ಇಂದಿನ ಲಕ್ಷ್ಮೇಶ್ವರವಾದ ಪುಲಿಗೆರೆಯು ತನ್ನದೇ ಹೆಸರಿನ ನಾಡಿಗೆ ಮುಖ್ಯ ಪಟ್ಟಣವಾಗಿತ್ತು. ನಾಡು ಎಂದರೆ ಹಲವು ಹಳ್ಳಿಗಳು ಕೂಡಿದ ಆಡಳಿತ ವಿಭಾಗ; ಹೆಸರಿನೊಡನೆ ಬರುವ ಸಂಖ್ಯೆಯು ಅದರೊಳಗಿನ ಹಳ್ಳಿಗಳ ಎಣಿಕೆಯನ್ನು ಸೂಚಿಸುತ್ತದೆಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಎರಡೂ ನಾಡುಗಳು ಹಲವು ಸಲ ಒಬ್ಬನೇ ಅಧಿಕಾರಿಯ ಕೈಯಲ್ಲಿರುತ್ತಿದ್ದುದರಿಂದ ಶಾಸನಗಳು ಇವನ್ನು ಜೊತೆಗೂಡಿಸಿ ‘ಎರಡರುನೂರು’, ಅಂದರೆ ಆರುನೂರಾಗುವ ಎರಡು ನಾಡುಗಳು, ಎಂದೂ ಕರೆದಿವೆ.

ಈ ನಾಡುಗಳು ಒಂದು ಅರಸುಮನೆತನದಿಂದ ಇನ್ನೊಂದಕ್ಕೆ ಯುದ್ಧದಿಂದಷ್ಟೇ ಅಲ್ಲದೆ ಮದುವೆಯಿಂದಲೂ ಸಂದಿವೆ. ರಾಷ್ಟ್ರಕೂಟ ದೊರೆ ಬದ್ದೆಗ, ಅಂದರೆ ಮೂರನೆಯ ಅಮೋಘವರ್ಷನು, ತನ್ನ ಮಗಳು ರೇವಕನಿಮ್ಮಡಿಯನ್ನು ಗಂಗ ಮನೆತನದ ಇಮ್ಮಡಿ ಬೂತುಗನಿಗೆ ಕೊಟ್ಟಾಗ ಪುಲಿಗೆರೆ ಮುನ್ನೂರು, ಬೆಳ್ವೊಲ ಮುನ್ನೂರು, ಕಿಸುಕಾಡು ಎಪ್ಪತ್ತು ಮತ್ತು ಬಾಗೆನಾಡು ಎಪ್ಪತ್ತುಗಳನ್ನು ಬಳುವಳಿಯಾಗಿ ಕೊಟ್ಟನೆಂದು 975ರ ಹೆಬ್ಬಾಳ ಶಾಸನ ಹೇಳುತ್ತದೆ. ಬಳುವಳಿ ಎಂದರೆ ಮದುವೆಯಲ್ಲಿ ಮಗಳೊಡನೆ ತವರಿನವರು ಕಳುಹಿಸಿಕೊಡುವ ಸಂಪತ್ತು. ಇಲ್ಲಿ ಒಡವೆ, ದನಕರುಗಳ ಸಾಲಿನಲ್ಲಿ ನೂರಾರು ಹಳ್ಳಿಗಳೇ ನಿಂತಿವೆ. ಮುಂದೆ 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದಾಗ, ರೇವಕನಿಮ್ಮಡಿಯ ತಮ್ಮನಾದ ಮೂರನೆಯ ಕೃಷ್ಣನು ಇದೇ ನಾಡುಗಳನ್ನು ಬನವಾಸಿ ಪನ್ನಿರ್ಚ್ಛಾಸಿರದೊಡನೆ (ಹನ್ನೆರಡು ಸಾವಿರದೊಡನೆ) ಭಾವನಿಗೆ ಕೊಟ್ಟನೆಂದು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ತಿಳಿಸುತ್ತದೆ.

ಯುರೋಪಿನ ಅರಸುಮನೆತನಗಳ ಇತಿಹಾಸವೂ ಇದೇ ದಾರಿಯಲ್ಲಿ ನಡೆದಿದೆ. 1152ರಲ್ಲಿ ಅಕ್ವಿಟೇನಿನ ಎಲಿನೋರ್ ಹೆನ್ರಿಯನ್ನು ಮದುವೆಯಾದಾಗ, ಮುಂದೆ ಇಂಗ್ಲೆಂಡಿನ ದೊರೆಯಾಗಲಿದ್ದ ಆತನಿಗೆ ಫ್ರಾನ್ಸಿನ ನೈಋತ್ಯದ ವಿಶಾಲ ಪ್ರಾಂತ ಒಲಿದು ಬಂದಿತು. 1477ರಲ್ಲಿ ಬರ್ಗಂಡಿಯ ಮೇರಿಯು ಮ್ಯಾಕ್ಸಿಮಿಲಿಯನ್ನನ ಕೈಹಿಡಿದುದರಿಂದ ನೆದರ್ಲೆಂಡ್ಸ್ ನಾಡುಗಳು ಹ್ಯಾಬ್ಸ್‌ಬರ್ಗ್ ಮನೆತನಕ್ಕೆ ಸೇರಿದವು. ಈ ಪರಂಪರೆಯ ಒಂದು ಎಳೆ ಬೆಟಗೇರಿಯವರೆಗೂ ಬಂದು ಮುಟ್ಟುತ್ತದೆ. ಪೋರ್ಚುಗಲ್ಲಿನ ರಾಜಕುಮಾರಿ ಬ್ರಗಾಂಝಾದ ಕ್ಯಾಥರೀನಳಿಗೂ ಇಂಗ್ಲೆಂಡಿನ ಎರಡನೆಯ ಚಾರ್ಲ್ಸನಿಗೂ 1661ರಲ್ಲಿ ಆದ ಮದುವೆಯ ಒಪ್ಪಂದದಂತೆ ಬಳುವಳಿಯಾಗಿ ಹೋದದ್ದು ಮುಂಬಯಿ ದ್ವೀಪ. ಅದನ್ನು 1668ರಲ್ಲಿ ವರ್ಷಕ್ಕೆ ಹತ್ತು ಪೌಂಡಿನ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿ ಪಡೆಯಿತು. ಪೇಶ್ವೆಯ ಆಳ್ವಿಕೆ 1818ರಲ್ಲಿ ಮುಗಿದ ಮೇಲೆ ಗದಗ-ಬೆಟಗೇರಿಗಳು ಸೇರಿದ್ದು ಆ ಮುಂಬಯಿಯ ಪ್ರಾಂತಕ್ಕೇ. ಅತ್ತ ಶಿರಹಟ್ಟಿಯು ಸಾಂಗಲಿಯ, ಲಕ್ಷ್ಮೇಶ್ವರವು ಮಿರಜಿನ ಪಟವರ್ಧನ ಮನೆತನಗಳ ಸಂಸ್ಥಾನಗಳಲ್ಲಿ ಉಳಿದವು.

ಪಟ್ಟಕ್ಕೆ ಬರಬೇಕಾದವನಿಗೆ ಮೊದಲೇ ಒಂದು ನಾಡನ್ನು ಒಪ್ಪಿಸಿ ಆಳ್ವಿಕೆಯನ್ನು ಕಲಿಸುವ ರೂಢಿಯೂ ಎರಡೂ ಕಡೆ ಇತ್ತು. ಫ್ರಾನ್ಸಿನಲ್ಲಿ 1349ರಿಂದ ಡೋಫಿನೆ ಪ್ರಾಂತವು ಯುವರಾಜನಿಗೆ ಮೀಸಲಾದಂತೆ, ಕಲ್ಯಾಣದ ಚಾಲುಕ್ಯರಲ್ಲಿ ಇಮ್ಮಡಿ ಸೋಮೇಶ್ವರನು ಪಟ್ಟವೇರುವ ಮುನ್ನ ಈ ಎರಡು ಮುನ್ನೂರುಗಳನ್ನು ಆಳುತ್ತಿದ್ದನು. ಆರನೆಯ ವಿಕ್ರಮಾದಿತ್ಯನ ತಮ್ಮ ಜಯಸಿಂಹನಿಗೂ ಇವು ಒಪ್ಪಿತವಾಗಿದ್ದವು. ಆದರೆ ಆತನು ಮುಂದೆ ಅಣ್ಣನ ಮೇಲೆಯೇ ತಿರುಗಿಬಿದ್ದನು. ಫಲವತ್ತಾದ ಎರೆಮಣ್ಣಿನ ಈ ಸೀಮೆಯನ್ನು ಪಡೆದವನಿಗೆ ದೊರೆಯುತ್ತಿದ್ದ ಬಲವನ್ನು ಆ ಬಂಡಾಯವೇ ತೋರಿಸುತ್ತದೆ.

ಚಾಲುಕ್ಯರ ಕೊನೆಗಾಲದಲ್ಲಿ ಸೇವುಣರೂ ಹೊಯ್ಸಳರೂ ಬೆಳ್ವೊಲಕ್ಕಾಗಿ ಸೊರಟೂರು ಮತ್ತು ಲೊಕ್ಕಿಗುಂಡಿ, ಅಂದರೆ ಇಂದಿನ ಲಕ್ಕುಂಡಿ, ಇವುಗಳಲ್ಲಿ ಕಾದಾಡಿದರು. ಗದುಗಿನ ತ್ರಿಕೂಟೇಶ್ವರ ದೇವಾಲಯಕ್ಕೆ 1191ರಲ್ಲಿ ಸೇವುಣ ಭಿಲ್ಲಮನು ಹಿರಿಯ ಹಂದಿಗೋಳವನ್ನು ದತ್ತಿಯಾಗಿ ಬಿಟ್ಟರೆ, ಮರುವರ್ಷವೇ ಅವನನ್ನು ಸೋಲಿಸಿದ ಹೊಯ್ಸಳ ವೀರಬಲ್ಲಾಳನು ಹೊಂಬಳವನ್ನು ಅದೇ ದೇವಾಲಯಕ್ಕೆ ಬಿಟ್ಟನು. ಎರಡೂ ದತ್ತಿಗಳನ್ನು ಪಡೆದವನು ಅಲ್ಲಿನ ಸ್ಥಾನಾಚಾರ್ಯ ಸಿದ್ಧಾಂತಿ ಚಂದ್ರಭೂಷಣ ಪಂಡಿತನೊಬ್ಬನೇ. ಅರಸರು ಬದಲಾದರೂ ದೇವಾಲಯ, ನಾಡು, ಊರುಗಳ ವ್ಯವಸ್ಥೆ ಮುಂದುವರಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಈ ಕೈಬದಲಾವಣೆಗಳ ಬೆಲೆಯನ್ನು ತೆತ್ತವರ ನೆನಪು ಬೆಟಗೇರಿಯ ವೀರಗಲ್ಲುಗಳಲ್ಲಿದೆ. ಹೋರಾಡಿ ಮಡಿದವರಿಗಾಗಿ ಊರವರೂ ಬಂಧುಗಳೂ ನಿಲ್ಲಿಸುತ್ತಿದ್ದ ಕಲ್ಲುಗಳಿವು. ಬೂತುಗನ ಕೊಡುಗೆಯನ್ನು ಹೇಳುವ ಆತಕೂರಿನ ಶಾಸನವೂ ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ನಿಲ್ಲಿಸಿದ ವೀರಗಲ್ಲೇ ಆಗಿದೆ. ಯುರೋಪಿನ ರಾಜವಂಶಗಳ ಮದುವೆ, ಬಳುವಳಿ, ಉತ್ತರಾಧಿಕಾರಗಳನ್ನು ಪಠ್ಯಪುಸ್ತಕದಲ್ಲಿ ಓದುವ ಇಲ್ಲಿನ ವಿದ್ಯಾರ್ಥಿಗೆ ಅದೇ ಇತಿಹಾಸವು ತನ್ನ ಊರಿನ ಗುಡಿಯಲ್ಲಿಯೂ ಕೇರಿಯ ಬದಿಯ ಕಲ್ಲಿನಲ್ಲಿಯೂ ಕನ್ನಡದಲ್ಲಿಯೇ ಬರೆದಿದೆಯೆಂದು ತೋರಿಸುವುದು ಶಿಕ್ಷಕರ ಹೊಣೆ. ಆ ಕಲ್ಲುಗಳು ಬಿಸಿಲು, ಮಳೆ, ಅಲಕ್ಷ್ಯಗಳಿಗೆ ಸಿಕ್ಕಿ ಅಕ್ಷರ ಕಳೆದುಕೊಳ್ಳದಂತೆ ಕಾಯುವುದು ಊರವರೆಲ್ಲರ ಹೊಣೆ.