ಬೆಳ್ಳಿ ರೂಪಾಯಿಗೆ ನೀರಿನ ಪರೀಕ್ಷೆ

ಒಂದು ಮಗ್ಗುಲಲ್ಲಿ ಶ್ರೀರಾಮ ಪಟ್ಟಾಭಿಷೇಕ, ಇನ್ನೊಂದರಲ್ಲಿ ‘ಈಸ್ಟ್ ಇಂಡಿಯಾ ಕಂಪನಿ, 1818’. ಸಂತೆಯಲ್ಲೂ ಮೊಬೈಲ್ ಜಾಹೀರಾತಿನಲ್ಲೂ ಬಾಯಿಗೆ ಬಂದ ಬೆಲೆ ಹೇಳಿ ಮಾರುವ ಈ ಬಿಲ್ಲೆಯನ್ನು ಕಂಪನಿ ಎಂದೂ ಹೊಡೆಸಿಲ್ಲ. ಇದನ್ನು ನಕಲಿ ಅನ್ನುವುದೂ ಕಷ್ಟ, ಅಸಲಿಯೇ ಇರಲಿಲ್ಲವಲ್ಲ! ಅಕ್ಕಿಕಾಳನ್ನು ತನ್ನತ್ತ ಎಳೆಯುವ ಪವಾಡದ ಶಕ್ತಿ ಇದಕ್ಕಿದೆ ಎಂದು ನಂಬಿಸಿ ಲಕ್ಷಗಟ್ಟಲೆ ಕೀಳುವವರೂ ಇದ್ದಾರೆ. ಅವರನ್ನು ಪೊಲೀಸರಿಗೆ ಬಿಡೋಣ.

ತಲೆನೋವು ಇರುವುದು ಅಸಲಿ ಇರುವ ಕಡೆ. ವಿಕ್ಟೋರಿಯಾ ರಾಣಿ, ಎಡ್ವರ್ಡ್, ಐದನೇ ಜಾರ್ಜ್ ಮುಖದ ಬೆಳ್ಳಿ ರೂಪಾಯಿ ಲಕ್ಷ್ಮೀಪೂಜೆಗೂ ಬೇಕು, ಸಂಗ್ರಹಕ್ಕೂ ಬೇಕು. ಹಾಗಾಗಿ ಖೋಟಾ ಮಾಲೂ ಧಾರಾಳ. ಕೊಳ್ಳುವವರು ಮೊದಲು ನೋಡುವುದು ರಾಣಿಯ ಮುಖವನ್ನು. ಇದು ಖೋಟಾ ಮಾಡುವವನಿಗೂ ಗೊತ್ತು. ತನ್ನ ಕಸುಬನ್ನೆಲ್ಲ ಅಲ್ಲೇ ತೋರಿಸಿರುತ್ತಾನೆ. ನಾನಾದರೆ ಮೊದಲು ಅಂಚು ನೋಡಿ ಅನ್ನುತ್ತೇನೆ. ಏಕೆನ್ನುವುದಕ್ಕೆ ಟಂಕಸಾಲೆಯ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಬೇಕು.

ಕೆಳಗೊಂದು ಉಕ್ಕಿನ ಅಚ್ಚು, ಮೇಲೊಂದು ಅಚ್ಚು. ನಡುವೆ ಬೆಳ್ಳಿಯ ಬೋಳು ಬಿಲ್ಲೆ. ಬಿಲ್ಲೆಯ ಸುತ್ತ ಗಟ್ಟಿ ಉಕ್ಕಿನ ಬಳೆ, ಅದರ ಒಳಮೈಯಲ್ಲಿ ಸಾಲು ಗೀರುಗಳು. 18ನೇ ಶತಮಾನದ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮಿನ ಸೋಹೊದಲ್ಲಿ ಮ್ಯಾಥ್ಯೂ ಬೌಲ್ಟನ್ ಈ ಕೆಲಸಕ್ಕೆ ಆವಿಯ ಬಲ ಕೂಡಿಸಿದ. ಮುಂದೆ ಕಲ್ಕತ್ತ, ಬೊಂಬಾಯಿಯ ಟಂಕಸಾಲೆಗಳಿಗೂ ಅಲ್ಲಿಂದ ಯಂತ್ರಗಳು ಬಂದವು. ಮೇಲಿನ ಅಚ್ಚು ಬಂದು ಬಡಿದಾಗ ಬೆಳ್ಳಿ ಕರಗುವುದಿಲ್ಲ, ಆದರೂ ಹರಿಯುತ್ತದೆ. ನಡುವಿನಿಂದ ಹೊರಕ್ಕೆ ಸರಿಯುತ್ತ ಅಚ್ಚಿನ ಕುಳಿಗಳನ್ನೆಲ್ಲ ತುಂಬಿ, ಕೊನೆಗೆ ಬಳೆಗೆ ಒತ್ತಿಕೊಂಡು ಅದರ ಗೀರುಗಳನ್ನು ಮೈಮೇಲೆ ಮೂಡಿಸಿಕೊಳ್ಳುತ್ತದೆ. ಎರಡು ಮುಖ, ಒಂದು ಅಂಚು, ಮೂರೂ ಒಂದೇ ಏಟಿಗೆ. ಹೆಚ್ಚು ಸವೆಯದ ರೂಪಾಯಿಯನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ತಿರುಗಿಸಿದರೆ ಹೊಳಪಿನ ಪಟ್ಟಿಯೊಂದು ಸುತ್ತ ಓಡುತ್ತದಲ್ಲ, ಅದು ಬೆಳ್ಳಿ ಹರಿದ ಜಾಡು.

ಅಗ್ಗದ ಖೋಟಾಗಳಲ್ಲಿ ಹೆಚ್ಚಿನವು ಎರಕದವು. ಅಸಲಿ ನಾಣ್ಯವನ್ನು ಒತ್ತಿ ಮಾಡಿದ ಪಡಿಯಚ್ಚಿಗೆ ಕರಗಿದ ಲೋಹ ಹೊಯ್ಯುತ್ತಾರೆ. ಆರುವಾಗ ಗಾಳಿ ಗುಳ್ಳೆಗಳು ಸಿಕ್ಕಿಕೊಂಡು, ಭೂತಗನ್ನಡಿಯಲ್ಲಿ ನೋಡಿದರೆ ಮೈ ನೀರುದೋಸೆಯ ಹಾಗೆ ತೂತುತೂತಾಗಿ ಕಾಣುತ್ತದೆ. ಅಕ್ಷರಗಳ ಮೂಲೆಗಳು ಮೊಂಡು. ಪಡಿಯಚ್ಚಿನ ಎರಡು ಹೋಳು ಕೂಡುವಲ್ಲಿ ಅಂಚಿನುದ್ದಕ್ಕೂ ಒಂದು ಗೆರೆ ಏಳುತ್ತದೆ. ಅದನ್ನು ಅರದಿಂದ ಉಜ್ಜಿ ಅಳಿಸುವಾಗ ಗೀರುಗಳೂ ಅಲ್ಲಲ್ಲಿ ಕಿತ್ತುಹೋಗುತ್ತವೆ. ಮುಖ ತಿದ್ದಬಹುದು, ಸುತ್ತಲಿನ ಗೀರುಗಳನ್ನು ಒಂದೊಂದಾಗಿ ತಿದ್ದುವ ತಾಳ್ಮೆ ಯಾರಿಗಿದೆ?

ಇನ್ನು ತೂಕ. 1835ರಿಂದ 1939ರವರೆಗಿನ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು, ಅದರ ಲೆಕ್ಕ ಬೇರೆ. ಬರೀ ತೂಕ ಸರಿಹೊಂದಿಸುವುದು ಖೋಟಾದವನಿಗೆ ಕಷ್ಟವಲ್ಲ. ಜರ್ಮನ್ ಸಿಲ್ವರ್‌ನಲ್ಲಿ ಮಾಡಿ ಮೇಲೆ ಬೆಳ್ಳಿ ಲೇಪ ಕೊಟ್ಟರಾಯಿತು. (ಹೆಸರಿಗೆ ಸಿಲ್ವರ್, ಒಳಗಿರುವುದು ತಾಮ್ರ, ನಿಕ್ಕಲ್, ಸತು.) ಆದರೆ ಆ ಮಿಶ್ರಲೋಹ ಬೆಳ್ಳಿಗಿಂತ ಹಗುರ. ತೂಕವೂ ಅಗಲವೂ ಅಸಲಿಯಷ್ಟೇ ಇರಬೇಕಾದರೆ ನಾಣ್ಯ ಹೆಚ್ಚುಕಡಿಮೆ ಐದನೇ ಒಂದು ಪಾಲು ದಪ್ಪವಾಗಲೇಬೇಕು.

ಇದನ್ನು ಮನೆಯಲ್ಲೇ ಹಿಡಿಯಬಹುದು. ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕೂ ಬದಿಗೂ ತಾಗಕೂಡದು, ಮೈಗೆ ಗುಳ್ಳೆ ಅಂಟಿರಕೂಡದು. ನಾಣ್ಯದ ಭಾರ ನಿಮ್ಮ ಕೈಯಲ್ಲೇ ಇದ್ದರೂ ತಕ್ಕಡಿಯ ಅಂಕಿ ಏರುತ್ತದೆ. ಆರ್ಕಿಮಿಡೀಸ್ ಹೇಳಿದಂತೆ, ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ ಎಷ್ಟೋ ಅಷ್ಟು ಬಲದಿಂದ ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ; ಅಷ್ಟೇ ಬಲ ಲೋಟದ ಮೇಲೆ ಕೆಳಮುಖವಾಗಿ ಬೀಳುತ್ತದೆ. ಆ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿದರೆ ಸಿಗುವುದೇ ಸಾಂದ್ರತೆ. ಅಸಲಿ ರೂಪಾಯಿ ಸುಮಾರು 1.13 ತೋರಿಸುತ್ತದೆ, ಭಾಗಿಸಿದರೆ 10.3ರ ಆಸುಪಾಸು. ಅಷ್ಟೇ ತೂಕದ ಜರ್ಮನ್ ಸಿಲ್ವರ್ ಬಿಲ್ಲೆ 1.34ರ ಹತ್ತಿರ ಹೋಗುತ್ತದೆ. ಕೈಯಿಂದ ಕೈಗೆ ಹೋಗಿ ಸವೆದ ನಾಣ್ಯಕ್ಕೂ ಈ ಪರೀಕ್ಷೆಯಿಂದ ಅನ್ಯಾಯವಾಗದು. ಸವೆದಷ್ಟೂ ತೂಕ, ಗಾತ್ರ ಎರಡೂ ಜೊತೆಜೊತೆಗೇ ಇಳಿಯುವುದರಿಂದ ಭಾಗಲಬ್ಧ ಅಲ್ಲೇ ನಿಲ್ಲುತ್ತದೆ. ಹಳೆಯ ಚಿನಿವಾರರು ಕಲ್ಲಿಗೆ ಕುಟ್ಟಿ ನಾದ ಕೇಳುತ್ತಿದ್ದರು. ಅದಕ್ಕೆ ಪಳಗಿದ ಕಿವಿ ಬೇಕು, ನಾಣ್ಯಕ್ಕೂ ಪೆಟ್ಟು. ಅಯಸ್ಕಾಂತ ಕಬ್ಬಿಣವನ್ನು ಹಿಡಿದುಕೊಟ್ಟೀತು, ಜರ್ಮನ್ ಸಿಲ್ವರನ್ನು ಸಾಮಾನ್ಯವಾಗಿ ಹಿಡಿಯದು.

ನೀರು ಸೋಲುವ ಒಂದು ಜಾಗ ಇದೆ. ಅಪರೂಪದ ಇಸವಿಗೆ ಬೆಳ್ಳಿಯ ಹತ್ತಾರು ಪಟ್ಟು ಬೆಲೆ ಇರುವಾಗ ಖೋಟಾದವನು ಅಸಲಿ ಬೆಳ್ಳಿಯನ್ನೇ ಬಳಸುತ್ತಾನೆ, ಇಲ್ಲವೇ ಅಸಲಿ ರೂಪಾಯಿಯ ಇಸವಿಯನ್ನೇ ಕೆತ್ತಿ ತಿದ್ದುತ್ತಾನೆ. ಆಗ ಅಚ್ಚಿನ ವಿವರಕ್ಕೇ ಇಳಿಯಬೇಕು. 1911ರ ರೂಪಾಯಿಯಲ್ಲಿ ಐದನೇ ಜಾರ್ಜ್ ತೊಟ್ಟ ನಿಲುವಂಗಿಯ ಮೇಲಿನ ಆನೆ, ಸೊಂಡಿಲು ಮೋಟಾಗಿ ಹಂದಿಯಂತೆ ಕಾಣುತ್ತಿತ್ತು. ಜನರಿಂದ ಆಕ್ಷೇಪ ಬಂತು; ನಾಣ್ಯಗಳನ್ನು ಹಿಂತೆಗೆದುಕೊಂಡು ಹೆಚ್ಚಿನವನ್ನು ಕರಗಿಸಿದರು, 1912ಕ್ಕೆ ಅಚ್ಚು ತಿದ್ದಿದರು. ಉಳಿದ ‘ಹಂದಿ ರೂಪಾಯಿ’ಗೆ ಈಗ ಸಂಗ್ರಾಹಕರು ಕಾಯುತ್ತಾರೆ. 1912ರ ನಾಣ್ಯದ ಕೊನೆಯ ಅಂಕಿಯನ್ನು ಕೆರೆದು ಒಂದು ಮಾಡುವುದು ದೊಡ್ಡ ಕೆಲಸವಲ್ಲ. ಹಾಗೆ ಮಾಡಿದವನು ಆನೆಯ ಸೊಂಡಿಲನ್ನೂ ಮೋಟು ಮಾಡಬೇಕು.