ಹಳೆಯ ಐಷಾರಾಮಿ ವಾಹನ: ಕೊಳ್ಳುವ ಬೆಲೆ, ಸಾಕುವ ಬೆಲೆ

ಮಾವಿನ ಫಸಲು ಕೈಹಿಡಿದ ವರ್ಷ ಶ್ರೀನಿವಾಸಪುರದ ಮನೆಗಳಲ್ಲಿ ವಾಹನ ಖರೀದಿಯ ಮಾತು ಏಳುವುದು ಸಹಜ. ಕೋಲಾರ, ಮಾಲೂರು, ಮುಳಬಾಗಿಲುಗಳ ಕುಟುಂಬಗಳಲ್ಲಿಯೂ ಹತ್ತು ಹನ್ನೆರಡು ವರ್ಷ ಓಡಿದ ದೊಡ್ಡ ಐಷಾರಾಮಿ ವಾಹನಗಳತ್ತ ಒಲವುಂಟು. ಹಿರಿಯರು, ಮಕ್ಕಳು ಒಟ್ಟಾಗಿ ಮದುವೆಗೂ ಮಠದ ಉತ್ಸವಕ್ಕೂ ಹೋಗಿಬರಬಹುದು. ಬೆಲೆಯೂ ಹೊಸ ಸಣ್ಣ ಕಾರಿನಷ್ಟೇ. ಆದರೆ ವಯಸ್ಸಾದಂತೆ ಇಳಿಯುವುದು ವಾಹನದ ಬೆಲೆಯೇ ಹೊರತು ಬಿಡಿಭಾಗಗಳ ಬೆಲೆಯಲ್ಲ. ಈ ಒಂದು ಮಾತನ್ನು ಮರೆತರೆ ಮನೆಯ ಆಯವ್ಯಯವೇ ಏರುಪೇರಾಗುತ್ತದೆ.

ಮೊದಲು ಎಣ್ಣೆಯ ಲೆಕ್ಕವನ್ನು ನೋಡೋಣ. ಸಣ್ಣ ಕಾರಿಗೆ ಮೂರು ಮೂರೂವರೆ ಲೀಟರ್ ಎಂಜಿನ್ ಆಯಿಲ್ ಸಾಕು. 2009ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ, ಬಿಡದಿಯಲ್ಲಿ ತಯಾರಾದ ಫಾರ್ಚುನರ್‌ನ ಮೂರು ಲೀಟರ್ ಡೀಸೆಲ್ ಎಂಜಿನ್ನಿಗೆ ಸುಮಾರು 7 ಲೀಟರ್ ಬೇಕು. ನಾಲ್ಕು ಚಕ್ರಗಳಿಗೂ ಬಲ ನೀಡುವ ಮಾದರಿಯಾದರೆ ಗೇರ್ ಬಾಕ್ಸಿನೊಂದಿಗೆ ಟ್ರಾನ್ಸ್‌ಫರ್ ಕೇಸ್, ಹಿಂದು ಮುಂದಿನ ಡಿಫರೆನ್ಷಿಯಲ್‌ಗಳ ಎಣ್ಣೆಯನ್ನೂ ಕಾಲಕಾಲಕ್ಕೆ ಬದಲಿಸಬೇಕು.

ಎರಡನೆಯದು ಟೈಮಿಂಗ್ ಬೆಲ್ಟ್. ಇದುಳ್ಳ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಲಕ್ಷ ಕಿ.ಮೀ. ಒಳಗೆ, ಕೈಪಿಡಿ ಹೇಳಿದ ಅವಧಿಗೆ ಬದಲಿಸಲೇಬೇಕು. ಓಡುವಾಗ ಅದು ತುಂಡಾದರೆ ಕವಾಟಗಳೂ ಪಿಸ್ಟನ್ನುಗಳೂ ಒಂದಕ್ಕೊಂದು ಬಡಿದು ಎಂಜಿನ್ನೇ ಹಾಳಾದೀತು. ಮಾರುವವರು "ಬದಲಿಸಿದ್ದೇವೆ" ಎಂದರೆ ರಸೀದಿ ಕೇಳಿರಿ. ರಸೀದಿ ಇಲ್ಲದಿದ್ದರೆ ಬದಲಿಸಿಲ್ಲವೆಂದೇ ಭಾವಿಸಿ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ನಮ್ಮ ಸೀಮೆಯ ನೀರು, ಧೂಳುಗಳನ್ನೂ ಗಮನಿಸಬೇಕು. ಆಳದ ಕೊಳವೆಬಾವಿಗಳ ಗಡಸು ನೀರನ್ನು ರೇಡಿಯೇಟರಿಗೆ ತುಂಬಿದರೆ ಒಳಗೆ ಸುಣ್ಣದಂತಹ ಪದರ ಕಟ್ಟಿ ಎಂಜಿನ್ ಕಾಯುತ್ತದೆ. ಕೂಲಂಟನ್ನೂ ಶುದ್ಧೀಕರಿಸಿದ ಬಟ್ಟಿ ನೀರನ್ನೂ ಮಾತ್ರ ಬಳಸುವುದು ಲೇಸು. ತೋಟದ ಮಣ್ಣು ದಾರಿಯಲ್ಲಿ, ಮಾಲೂರಿನ ಇಟ್ಟಿಗೆ ಗೂಡುಗಳ ಬಳಿ ನಿತ್ಯ ಓಡುವ ವಾಹನದ ಏರ್ ಫಿಲ್ಟರನ್ನು ಕೈಪಿಡಿಯ ಅವಧಿಗಿಂತ ಮೊದಲೇ ನೋಡಬೇಕು.

ಮುಳಬಾಗಿಲಿನ ಹೆದ್ದಾರಿಯಲ್ಲಿ ವೇಗವಾಗಿ ಸಾಗುವವರಿಗೆ ಟೈರು, ಬ್ರೇಕುಗಳೇ ಪ್ರಾಣರಕ್ಷಕಗಳು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಓದಿರಿ: 2319 ಎಂದಿದ್ದರೆ 2019ರ 23ನೆಯ ವಾರದ ತಯಾರಿಕೆ. ಆರು ವರ್ಷ ಮೀರಿದ ಟೈರನ್ನು, ಗೀರು ಸವೆಯದಿದ್ದರೂ, ತಜ್ಞರಿಗೆ ತೋರಿಸಬೇಕು. ಬ್ರೇಕ್ ಎಣ್ಣೆಯನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ.

ಬಿಡಿಭಾಗ ದೊರೆಯುವುದೇ ಎಂಬುದನ್ನೂ ವಿಚಾರಿಸಿರಿ. ಫೋರ್ಡ್ ಸಂಸ್ಥೆಯು 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು; ಎಂಡೆವರ್ ಕೊಳ್ಳುವವರು ಈ ಸಂಗತಿಯನ್ನು ತೂಗಿ ನೋಡಬೇಕು.

ಕಾಗದಪತ್ರಗಳಿಗೂ ಖರ್ಚುಂಟು. ಕೆಎ-07 ಇರಲಿ, ಕೆಎ-08 ಇರಲಿ, ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆ ಬಳಿಕ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಈ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಇನ್ನೂ ಹೆಚ್ಚಾಯಿತು. ಹಸಿರು ತೆರಿಗೆ, ವಿಮೆಗಳು ಬೇರೆ.

ಹಾಗಾದರೆ ಕೊಳ್ಳಲೇಬಾರದೇ? ಹಾಗೆನ್ನುವುದು ನಮ್ಮ ಉದ್ದೇಶವಲ್ಲ. ನಂಬಿಕೆಯ ಮೆಕ್ಯಾನಿಕ್‌ಗೆ ಮೊದಲೇ ತೋರಿಸಿ, ಆತನ ಕಾಯಕಕ್ಕೆ ತಕ್ಕ ಕೂಲಿ ಕೊಡಿರಿ. ಕೈಯಲ್ಲಿರುವ ಹಣವನ್ನೆಲ್ಲ ಬೆಲೆಗೇ ಸುರಿಯದೆ, ಮೊದಲ ವರ್ಷದ ದುರಸ್ತಿಗೆಂದು ಒಂದು ಪಾಲನ್ನು ತೆಗೆದಿಡಿರಿ. ಆ ಪಾಲು ಉಳಿಯದಿದ್ದರೆ ಆ ವಾಹನ ನಮ್ಮ ಶಕ್ತಿಗೆ ಮೀರಿದ್ದೆಂದೇ ತಿಳಿಯಬೇಕು. ಬೆವರಿನ ಗಳಿಕೆ ಮಕ್ಕಳ ವಿದ್ಯೆಗೆ, ಹಿರಿಯರ ಆರೋಗ್ಯಕ್ಕೆ, ದಾಸೋಹಕ್ಕೆ ಸಲ್ಲಬೇಕಾದುದು. ಅಂಗಳದಲ್ಲಿ ನಿಂತ ವಾಹನ ಆ ಮೂರನ್ನೂ ನುಂಗದಂತೆ ಮನೆಮಂದಿಯೆಲ್ಲ ಕುಳಿತು ಲೆಕ್ಕ ಹಾಕಿಯೇ ಮುಂಗಡ ಕೊಡುವುದು ವಿವೇಕ.