ಮೊಬೈಲಿನ ಒಡಪು

ಕನ್ನಡದ ತಿರುಳು ಎಲ್ಲಿಯದೆಂಬ ಪ್ರಶ್ನೆಗೆ ಕ್ರಿ.ಶ. 850ರ ಸುಮಾರಿನ 'ಕವಿರಾಜಮಾರ್ಗ'ವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ತೋರಿಸಿತು. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ, ಕೊಪಣವೇ ಕೊಪ್ಪಳ, ಕಿಸುವೊಳಲೇ ಪಟ್ಟದಕಲ್ಲು. ಆದುದರಿಂದ ಗದಗಿನ ಮಗ್ಗುಲಿನ ನಮ್ಮ ಬಿಂಕದಕಟ್ಟಿಯು ಆ ಎಲ್ಲೆಯ ಒಳಗೇ ಬರುತ್ತದೆ. ಕನ್ನಡ ನಾಡವರು ಹದವರಿತು ನುಡಿಯಬಲ್ಲರು, ಅಂತೆಯೇ ಪರರು ನುಡಿದುದರ ಆಶಯವನ್ನು ಗ್ರಹಿಸಿ ವಿಚಾರಿಸಬಲ್ಲರು ಎಂಬುದು ಆ ಗ್ರಂಥದ ಪ್ರಶಂಸೆ. ಈ ಎರಡನೆಯ ಬಲ್ಮೆಯೇ ಇಂದು ಹದಿಹರೆಯದ ಮಕ್ಕಳ ತಾಯ್ತಂದೆಗಳಿಗೂ ಗುರುಗಳಿಗೂ ಬೇಕಾಗಿದೆ.

ಮಕ್ಕಳು ಮೊಬೈಲಿನಲ್ಲಿ ಬರೆಯುವುದು ಹಿರಿಯರಿಗೆ ಅರ್ಥವಾಗದಿದ್ದರೆ ಅದನ್ನು ಕೂಡಲೇ ಕಪಟವೆಂದು ಎಣಿಸಬಾರದು. ನೇರವಾಗಿ ಉಚ್ಚರಿಸಲಾಗದ ಗಂಡನ ಹೆಸರನ್ನು ಒಡಪಿನೊಳಗೆ ಪೋಣಿಸಿ ಹೇಳಿದ ಸೊಸೆಯರು ನಮ್ಮ ಮನೆಗಳಲ್ಲಿಯೇ ಇದ್ದರು. ಅದನ್ನು ಕೇಳಿ ನಕ್ಕ ಅಜ್ಜಿಯರೂ ಇದ್ದರು. ಸಂಕೋಚವಿದ್ದಲ್ಲಿ ಮಾತು ಮರೆಯನ್ನು ಹುಡುಕುವುದು ಸಹಜ. ಮನೆಗೆಲ್ಲ ಒಂದೇ ಮೊಬೈಲು, ಅದೂ ಅಪ್ಪನ ಅಂಗಿಯ ಕಿಸೆಯಲ್ಲಿರುವುದು ಎಂದಾದರೆ, ಗೆಳತಿಗೆ ಬರೆಯುವ ಹುಡುಗಿ ಅಡ್ಡಮಾತನ್ನಲ್ಲದೆ ಮತ್ತೇನನ್ನು ಬಳಸಿಯಾಳು?

ಎಮೋಜಿ ಎಂಬ ಚಿತ್ರಾಕ್ಷರಗಳ ಸಂಗತಿಯೂ ಇದೇ. ಜಪಾನಿನ ಶಿಗೆತಾಕಾ ಕುರಿತಾ 1999ರಲ್ಲಿ 176 ಪುಟ್ಟ ಚಿತ್ರಗಳನ್ನು ರಚಿಸಿದಾಗ ಮಳೆಗೆ ಕೊಡೆ, ಪ್ರೀತಿಗೆ ಹೃದಯ ಎಂಬಷ್ಟು ಸರಳ ಸಂಬಂಧವಿತ್ತು. ಇಂದು ಸಾವಿರಾರು ಎಮೋಜಿಗಳಿದ್ದು, ವಾಚ್ಯಾರ್ಥವೊಂದು, ಧ್ವನ್ಯರ್ಥವೊಂದು ಆಗಿಬಿಟ್ಟಿದೆ. ತಲೆಬುರುಡೆಯ ಚಿತ್ರವನ್ನು ಕಂಡು ತಂದೆ ಬೆದರುವನು. ಮಗನಿಗೆ ಅದು 'ನಕ್ಕು ನಕ್ಕು ಸತ್ತೆ' ಎಂಬ ವಿನೋದ. ಇದಕ್ಕೆ ವಿಪರೀತವಾಗಿ, ಹಿರಿಯರಿಗೆ ಸೌಮ್ಯವೆನಿಸುವ ನಸುನಗೆಯ ಮುಖವು ಕಿರಿಯರಲ್ಲಿ ಎಷ್ಟೋ ವೇಳೆ ಮುನಿಸಿನ ಗುರುತು. 'ಸರಿ' ಎಂಬುದರ ಮುಂದೆ ಇಟ್ಟ ಒಂದು ಪೂರ್ಣವಿರಾಮವು ಸ್ನೇಹಿತರ ನಡುವೆ ಜಗಳದ ಆರಂಭವಾಗಬಹುದೆಂದರೆ ನಮ್ಮ ತಲೆಮಾರಿನವರಿಗೆ ನಂಬುಗೆ ಬಾರದು. ಈ ಅರ್ಥಗಳು ಶಾಲೆಯಿಂದ ಶಾಲೆಗೆ, ವರ್ಷದಿಂದ ವರ್ಷಕ್ಕೆ ಮಾರ್ಪಡುವುದರಿಂದ ಇವುಗಳ ನಿಘಂಟನ್ನು ಕಂಠಪಾಠ ಮಾಡುವ ಶ್ರಮ ವ್ಯರ್ಥವೆಂದು ನನ್ನ ಮತ.

ಆದರೆ ಕೆಲವು ಸಂಕೇತಗಳಲ್ಲಿ ಅಪಾಯವಿದೆ. ಸಾವು, ಆತ್ಮಹತ್ಯೆಗಳ ಶಬ್ದಗಳನ್ನು ಜಾಲತಾಣಗಳ ಯಂತ್ರವು ತಡೆಯುವುದೆಂಬ ಕಾರಣದಿಂದ 'ಅನ್‌ಅಲೈವ್' ಎಂಬ ಬದಲಿ ಪದ ಹುಟ್ಟಿತು. 'ಕೆಎಂಎಸ್' ಎಂಬ ಮೂರಕ್ಷರಗಳು 'ನನ್ನನ್ನು ನಾನೇ ಕೊಂದುಕೊಳ್ಳುವೆ' ಎಂಬುದರ ಹ್ರಸ್ವರೂಪ. ಕಠಿಣವಾದ ಗಣಿತದ ಪರೀಕ್ಷೆಯ ಸಂಜೆ ಹುಡುಗನೊಬ್ಬ ಇದನ್ನು ತಮಾಷೆಗೆ ಬರೆದಿರಲೂಬಹುದು. ಆದರೆ ಅದೇ ಹುಡುಗನು ಊಟ ಬಿಟ್ಟು, ನಿದ್ರೆ ಕೆಟ್ಟು, ತನ್ನ ಮೆಚ್ಚಿನ ಬ್ಯಾಟನ್ನು ತಮ್ಮನಿಗೆ ಕೊಟ್ಟುಬಿಟ್ಟಿದ್ದರೆ ಆ ಮೂರಕ್ಷರಗಳು ವಿನೋದವಲ್ಲ. ಅಪರಿಚಿತನೊಬ್ಬನು ಮೊದಲು ಹೊಗಳಿ, ಬಳಿಕ ಮಾತನ್ನು ತಾನಾಗಿ ಅಳಿಸಿಹೋಗುವ ಸಂದೇಶಗಳತ್ತ ಒಯ್ದು, 'ಮನೆಯವರಿಗೆ ಹೇಳಬೇಡ' ಎಂದು, ಕಡೆಗೆ ಚಿತ್ರವನ್ನು ಬೇಡುವ ಕ್ರಮವೂ ಇಂಥದೇ ಅಪಾಯದ್ದು. ಇಲ್ಲಿ ಒಂದೊಂದು ಸಂದೇಶವೂ ನಿರ್ದೋಷವಾಗಿ ಕಾಣುವುದು, ದೋಷವಿರುವುದು ಅವುಗಳ ಅನುಕ್ರಮದಲ್ಲಿ.

ಹೀಗೆ ಬೇಡಿ ಪಡೆದ ಚಿತ್ರವು ಕಣ್ಣಿಗೆ ಬಿದ್ದಾಗ ಗಾಬರಿಯಿಂದ ಅಳಿಸುವುದಾಗಲಿ, ಸಲಹೆ ಕೇಳಲೆಂದು ಬಂಧುಗಳಿಗೆ ಕಳಿಸುವುದಾಗಲಿ ಕೂಡದು. ಮೊದಲನೆಯದರಿಂದ ಸಾಕ್ಷ್ಯ ನಾಶವಾಗುವುದು. ಎರಡನೆಯದು, ಮಗುವಿನ ಅಶ್ಲೀಲ ಚಿತ್ರವಾದರೆ, ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಕಲಮಿನಂತೆ ಅಪರಾಧವಾಗುವುದು. ಮೊಬೈಲನ್ನೇ ಪೊಲೀಸರ ಬಳಿಗೆ ಒಯ್ಯಬೇಕು. 2012ರ ಪೋಕ್ಸೊ ಕಾಯಿದೆಯು ಹದಿನೆಂಟು ತುಂಬದ ಎಲ್ಲರಿಗೂ, ಹುಡುಗರಿಗೂ, ರಕ್ಷಣೆ ನೀಡುತ್ತದೆ. ಮಕ್ಕಳ ಸಹಾಯಕ್ಕೆ 1098, ಮನಸ್ಸಿನ ಸಂಕಟಕ್ಕೆ 14416 ಸಂಖ್ಯೆಗಳಿವೆ.

ಇವೆಲ್ಲಕ್ಕಿಂತ ಮುಂಚಿನದು ಕೇಳುವ ರೀತಿ. ಮೊಬೈಲನ್ನು ಕಸಿದುಕೊಂಡು ವಿಚಾರಣೆಗೆ ತೊಡಗಿದ ದಿನವೇ ಮಗು ಇನ್ನೊಂದು ಗುಪ್ತ ಖಾತೆಯನ್ನು ತೆರೆಯಲು ಕಲಿಯುತ್ತದೆ. ಅದಕ್ಕೆ ಬದಲಾಗಿ, ರೊಟ್ಟಿ ಬಡಿಯುತ್ತ ಅವ್ವ, "ಯಾಕಪ್ಪಾ, ನಾಕ್ ದಿನಾತು ಊಟ ಸೇರವಲ್ದು, ಏನಾಗೇತಿ?" ಎಂದು ಕೇಳಿ, "ಏನಿಲ್ಲವ್ವಾ" ಎಂಬ ಉತ್ತರ ಬಂದ ಮೇಲೂ ಸಿಡುಕದೆ, ಇನ್ನೊಂದು ರೊಟ್ಟಿಯನ್ನು ಅವನ ತಾಟಿಗೆ ಹಾಕಿ, ಮತ್ತೊಂದು ಮಾತು ಬರುವವರೆಗೆ ಅಲ್ಲಿಯೇ ಕುಳಿತಿರಬೇಕು.